ಪೇಟೆ ಬೀದಿ ಏಕೆ ಸೊರಗುತ್ತದೆ, ಹೇಗೆ ಉಳಿಯುತ್ತದೆ: ಮೈಸೂರು, ಮಂಡ್ಯದ ಲೆಕ್ಕ

ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆಯ ವಿಷಯ ಎತ್ತಿದರೆ ಮಾತು ಬೇಗನೆ ಎರಡು ಬಣವಾಗುತ್ತದೆ. ಕೆಡವಿ ಕಟ್ಟಬೇಕು ಎನ್ನುವವರು ಒಂದು ಕಡೆ, ದುರಸ್ತಿ ಮಾಡಿ ಉಳಿಸಬೇಕು ಎನ್ನುವವರು ಇನ್ನೊಂದು ಕಡೆ. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿದಂದಿನಿಂದ ಈ ವಾದ ನಡೆಯುತ್ತಲೇ ಇದೆ. ಕೆಡವುವ ನಿರ್ಧಾರದ ವಿರುದ್ಧ ಸಲ್ಲಿಸಿದ್ದ ಅರ್ಜಿಗಳನ್ನು 2023ರಲ್ಲಿ ಹೈಕೋರ್ಟ್ ತಳ್ಳಿಹಾಕಿದ ಮೇಲೂ ಅದು ತಣ್ಣಗಾಗಲಿಲ್ಲ.

ಈ ಗದ್ದಲದಲ್ಲಿ ವ್ಯಾಪಾರದ ಪ್ರಶ್ನೆ ಹಿಂದೆ ಸರಿದಿದೆ. ಹೊಸ ಕಟ್ಟಡ ಬರಲಿ, ಹಳೆಯದೇ ನಿಲ್ಲಲಿ, ಅಲ್ಲಿಗೆ ಕೊಳ್ಳುವವರು ಬರುತ್ತಾರೆಯೇ? ವಿಜಯನಗರ ನಾಲ್ಕನೇ ಹಂತದಲ್ಲೋ ದಟ್ಟಗಳ್ಳಿಯಲ್ಲೋ ಇರುವವರು ಬೇಳೆ, ಬಟ್ಟೆ, ಚಾರ್ಜರ್ ಎಲ್ಲವನ್ನೂ ಮನೆಯ ಬಾಗಿಲಿಗೇ ತರಿಸಿಕೊಳ್ಳಬಹುದಾದ ಕಾಲದಲ್ಲಿ ದೇವರಾಜ ಅರಸು ರಸ್ತೆಗೆ ಬಂದು, ವಾಹನ ನಿಲ್ಲಿಸಲು ಜಾಗ ಹುಡುಕಿ, ಬೆವರುತ್ತಾ ನಡೆಯಬೇಕಾದ ಕಾರಣವೇನು? ಇಂಗ್ಲೆಂಡಿನ ಊರುಗಳು ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದವು. ನಮ್ಮಲ್ಲಿ ಅದು ಈಗ ಬಾಗಿಲು ತಟ್ಟುತ್ತಿದೆ. ಉತ್ತರಕ್ಕೆ ಮೊದಲು ಪೇಟೆ ಬೀದಿ ನಡೆಯುವ ಬಗೆಯನ್ನು ತಿಳಿಯಬೇಕು.

ಯಾವುದನ್ನು ಪೇಟೆ ಬೀದಿ ಎನ್ನುವುದು

ಊರಿನ ನಡುವೆ, ನಡೆದೇ ಸುತ್ತಬಹುದಾದಷ್ಟು ಜಾಗದಲ್ಲಿ, ಬೇರೆ ಬೇರೆ ಮಾಲೀಕರ ನೂರಾರು ಅಂಗಡಿಗಳು ಒತ್ತಾಗಿ ನಿಂತಿರುವ ಬೀದಿ ಅದು. ಮೈಸೂರಿನಲ್ಲಿ ಸಯ್ಯಾಜಿರಾವ್ ರಸ್ತೆ, ದೇವರಾಜ ಅರಸು ರಸ್ತೆ, ಅಶೋಕ ರಸ್ತೆ, ಶಿವರಾಂಪೇಟೆ, ಸಂತೆಪೇಟೆ, ಮನ್ನಾರ್ಸ್ ಮಾರ್ಕೆಟ್ ಸೇರಿ ಇಂಥದೊಂದು ಗುಂಪು. ಇದರ ನಡುವೆ ಮೂರೂವರೆ ಎಕರೆಗೂ ಹೆಚ್ಚು ಜಾಗದಲ್ಲಿ, ಎಂಟು ನೂರಕ್ಕೂ ಹೆಚ್ಚು ಮಳಿಗೆಗಳ ದೇವರಾಜ ಮಾರುಕಟ್ಟೆಯಿದೆ. ಅದರ ಮುಂದೆ ಚಿಕ್ಕ ಗಡಿಯಾರ ಎಂದು ಕರೆಯುವ ಗೋಪುರ, ಸ್ವಲ್ಪ ದೂರದಲ್ಲಿ 1892ರ ಲ್ಯಾನ್ಸ್‌ಡೌನ್ ಕಟ್ಟಡ. ಮಂಡ್ಯದಲ್ಲಿ ಈ ಕೆಲಸವನ್ನು ಪೇಟೆ ಬೀದಿ ಮತ್ತು ವಿ.ವಿ. ರಸ್ತೆ ಮಾಡುತ್ತವೆ.

ಈ ಬೀದಿಗಳು ಎದ್ದ ಕಾಲದಲ್ಲಿ ಊರಿನ ಎಲ್ಲ ಕೆಲಸಗಳೂ ಅಲ್ಲೇ ಇದ್ದವು. ಅರಮನೆ, ಆಸ್ಪತ್ರೆ, ಪುರಭವನ, ನಗರಸಭೆ, ಬಸ್ ನಿಲ್ದಾಣ, ಸಿನಿಮಾ, ದೇವಸ್ಥಾನ ಎಲ್ಲವೂ ಒಂದೆರಡು ಕಿಲೋಮೀಟರ್ ಒಳಗೆ. ಕೆ.ಆರ್. ಆಸ್ಪತ್ರೆಯಲ್ಲಿ ಯಾರನ್ನೋ ನೋಡಲು ಬಂದವರು ಹೂವು ಹಣ್ಣು ಕೊಳ್ಳುತ್ತಿದ್ದರು. ನಂಜನಗೂಡಿನಿಂದ ಕಾಗದಪತ್ರದ ಕೆಲಸಕ್ಕೆ ಬಂದವರು ಬಸ್ಸಿಗೆ ಮೊದಲು ಒಂದು ಸೀರೆ ನೋಡಿಕೊಂಡು ಹೋಗುತ್ತಿದ್ದರು. ವ್ಯಾಪಾರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊರಟವರಷ್ಟೇ, ಇನ್ನೇನಕ್ಕೋ ಬಂದು ಕೊಂಡವರೂ ಈ ಅಂಗಡಿಗಳನ್ನು ಸಾಕಿದ್ದಾರೆ. ಮುಂದಿನ ಅರ್ಧ ಕಥೆ ಈ ಎರಡನೆಯ ಗುಂಪಿನದು.

ಜನ ಹರಿಯುವ ಲೆಕ್ಕ

ಅಂಗಡಿಯ ಮುಂದೆ ಒಂದು ದಿನದಲ್ಲಿ ಎಷ್ಟು ಜನ ಹಾದುಹೋಗುತ್ತಾರೆ ಎಂಬುದೇ ಚಿಲ್ಲರೆ ವ್ಯಾಪಾರದ ಮೂಲ ಸಂಖ್ಯೆ. ಸಾವಿರ ಜನ ಹಾದುಹೋದರು ಎಂದುಕೊಳ್ಳಿ; ನೂರು ಜನ ಒಳಗೆ ಬಂದು, ಮೂವತ್ತು ಜನ ಕೊಂಡರೆ ಆ ಮೂವತ್ತು ಜನರಿಂದಲೇ ಬಾಡಿಗೆ, ಸಂಬಳ, ಕರೆಂಟು ಬಿಲ್ಲು ಹೊರಡಬೇಕು. ಹಾದುಹೋಗುವವರು ಎಂಟು ನೂರಕ್ಕಿಳಿದರೆ ಕೊಳ್ಳುವವರು ಇಪ್ಪತ್ತನಾಲ್ಕಕ್ಕಿಳಿಯುತ್ತಾರೆ. ಆದರೆ ಬಾಡಿಗೆ ಒಂದು ರೂಪಾಯಿಯೂ ಇಳಿಯುವುದಿಲ್ಲ. ಖರ್ಚಿನ ಬಹುಪಾಲು ಹೀಗೆ ಕದಲದೆ ಕೂತಿರುವುದರಿಂದ ಜನ ಸ್ವಲ್ಪ ಕಡಿಮೆಯಾದರೂ ಲಾಭ ಪೂರ್ತಿ ಕರಗಿಬಿಡಬಹುದು. ಹೊರಗಿನಿಂದ ನೋಡುವವರಿಗೆ ಬೀದಿ ತುಂಬಿದಂತೆಯೇ ಕಾಣುತ್ತಿರುತ್ತದೆ, ಅಂಗಡಿಯವರು ಮಾತ್ರ ವ್ಯಾಪಾರವಿಲ್ಲ ಎನ್ನುತ್ತಿರುತ್ತಾರೆ. ಎರಡೂ ನಿಜವೇ.

ಹಾಗಾದರೆ ಜನ ಬೀದಿಯುದ್ದಕ್ಕೂ ಏಕೆ ನಡೆಯುತ್ತಾರೆ? ಇದು ವಿಶ್ವೇಶ್ವರಯ್ಯ ನಾಲೆಯ ನೀರಿನ ವಿಷಯವನ್ನು ಬಲ್ಲವರಿಗೆ ಸುಲಭವಾಗಿ ಅರ್ಥವಾಗುತ್ತದೆ. ನಾಲೆಯ ಮೊದಲ ಭಾಗದ ಗದ್ದೆಗೆ ನೀರು ತಾನಾಗಿ ಸಿಗುತ್ತದೆ. ಕೊನೆಯ ಭಾಗದ ಗದ್ದೆ ನಡುವಿನ ಎಲ್ಲರ ಮರ್ಜಿಯಲ್ಲಿರುತ್ತದೆ. ನಡುವೆ ಒಂದು ಕಡೆ ಹೂಳು ತುಂಬಿದರೆ ಅದರಾಚೆಯವರೆಲ್ಲ ಒಣಗಬೇಕು, ಅವರ ಬೇಸಾಯ ಎಷ್ಟೇ ಚೆನ್ನಾಗಿರಲಿ. ಬೀದಿಯಲ್ಲಿಯೂ ಹಾಗೆಯೇ. ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಜನ ತಾವಾಗಿ ಬರುತ್ತಾರೆ. ತುದಿಯ ಅಂಗಡಿಗೆ ಅವರು ತಲುಪಬೇಕಾದರೆ ನಡುವಿನ ಅಂಗಡಿಗಳು ತೆರೆದಿರಬೇಕು, ಪಾದಚಾರಿ ಮಾರ್ಗ ನಡೆಯುವಂತಿರಬೇಕು, ದೀಪ ಉರಿಯುತ್ತಿರಬೇಕು. ನಡುವೆ ನಾಲ್ಕು ಮಳಿಗೆ ಬಾಗಿಲೆಳೆದರೆ ಜನ ಅಲ್ಲಿಂದಲೇ ಹಿಂತಿರುಗುತ್ತಾರೆ. ನಾಲೆಗಾದರೂ ಹೂಳೆತ್ತುವ ನೀರಾವರಿ ಇಲಾಖೆಯೊಂದಿದೆ.

ಹೀಗೆ ಜನರನ್ನು ಎಳೆದು ತರುವ ಸ್ಥಳಗಳನ್ನು ವ್ಯಾಪಾರದ ಭಾಷೆಯಲ್ಲಿ ಆಧಾರ ಮಳಿಗೆ ಎನ್ನಬಹುದು. ಮಾಲ್‌ಗಳಲ್ಲಿ ದೊಡ್ಡ ಬಟ್ಟೆ ಅಂಗಡಿಯನ್ನು ಒಂದು ತುದಿಗೆ, ಸಿನಿಮಾ ಪರದೆಗಳನ್ನು ಮೇಲಿನ ಮಹಡಿಗೆ ಇಡುವುದು ಇದೇ ಕಾರಣಕ್ಕೆ: ಅಲ್ಲಿಗೆ ಹೋಗುವ ದಾರಿಯಲ್ಲಿ ಸಣ್ಣ ಅಂಗಡಿಗಳೆಲ್ಲ ಕಣ್ಣಿಗೆ ಬೀಳಬೇಕು. ಪೇಟೆ ಬೀದಿಯಲ್ಲಿ ಈ ಕೆಲಸವನ್ನು ಯಾರೂ ಯೋಜಿಸಿ ಮಾಡಿದ್ದಲ್ಲ. ದೇವರಾಜ ಮಾರುಕಟ್ಟೆಯ ಹೂವು, ವೀಳ್ಯದೆಲೆ, ಬಾಳೆಹಣ್ಣು; ಕೆ.ಆರ್. ವೃತ್ತದ ರೇಷ್ಮೆ ಸೀರೆ, ಮಾರುಕಟ್ಟೆಯ ಪಕ್ಕದ ಗುರು ಸ್ವೀಟ್ಸ್‌ನ ಮೈಸೂರು ಪಾಕ್, ಹಳೆಯ ಚಿತ್ರಮಂದಿರಗಳು. ಇವುಗಳಲ್ಲಿ ಒಂದೊಂದು ಕಳಚಿದಾಗಲೂ ಸುತ್ತಲಿನವರಿಗೆ ಪೆಟ್ಟು ಬೀಳುತ್ತದೆ. ಶಾಂತಲಾ ಚಿತ್ರಮಂದಿರ 2020ರಲ್ಲಿ ಮುಚ್ಚಿದಾಗ ಹೆಚ್ಚಿನವರು ಸಿನಿಮಾದ ನೆನಪನ್ನು ಹಂಚಿಕೊಂಡರು. ಆಟ ಬಿಟ್ಟ ಮೇಲೆ ಸಾಲುಗಟ್ಟುತ್ತಿದ್ದ ಜನರನ್ನು ನಂಬಿದ್ದ ಚಹಾ, ಬೀಡಾ, ಚುರುಮುರಿಯವರ ಲೆಕ್ಕ ಯಾರೂ ಕೇಳಲಿಲ್ಲ.

ಒಂದೇ ಬಗೆಯ ಅಂಗಡಿಗಳು ಒಂದೇ ಕಡೆ ಸೇರುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಪೈಪೋಟಿಯವರ ಪಕ್ಕದಲ್ಲೇ ಅಂಗಡಿ ಇಡುವುದು ಮೂರ್ಖತನವಲ್ಲವೇ? ಅಲ್ಲ. ಚಿನ್ನ ಕೊಳ್ಳುವವರು ಒಂದೇ ಅಂಗಡಿ ನೋಡಿ ಕೊಳ್ಳುವುದಿಲ್ಲ. ಹತ್ತು ಅಂಗಡಿ ಇರುವ ಅಶೋಕ ರಸ್ತೆಗೇ ಹೋಗುತ್ತಾರೆ. ಒಬ್ಬೊಬ್ಬರಾಗಿ ಕರೆಯಲಾಗದಷ್ಟು ಗಿರಾಕಿಗಳನ್ನು ಹತ್ತು ಮಂದಿ ಸೇರಿ ಕರೆಯುತ್ತಾರೆ. ಇದೇ ಪೇಟೆಯ ಬಲ, ಇದೇ ಅದರ ಅಪಾಯ ಕೂಡ: ಹತ್ತು ಐದಾದರೆ ಉಳಿದ ಐವರಿಗೆ ಬರುವ ಗಿರಾಕಿ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ.

ಊರು ಹೊರಕ್ಕೆ ಹೋಯಿತು

ಮೈಸೂರು ಯೋಜನೆ ಹಾಕಿಕೊಂಡು ಬೆಳೆದ ಊರು. ನಗರ ಸುಧಾರಣಾ ಮಂಡಳಿ 1903ರಲ್ಲೇ ಇಲ್ಲಿ ಹುಟ್ಟಿತು. ಇಕ್ಕಟ್ಟಾದ ಹಳೆಯ ಕೇರಿಗಳಿಂದ ಜನರನ್ನು ಹೊಸ ಬಡಾವಣೆಗಳಿಗೆ ಕಳುಹಿಸುವುದು ಆಗಿನಿಂದಲೂ ನಡೆದಿದೆ. ಮೊದಮೊದಲು ಬಡಾವಣೆಗಳು ಪೇಟೆಗೆ ನಡೆದು ಬರುವ ದೂರದಲ್ಲಿದ್ದವು. ಈಗ ಸುಮಾರು 42 ಕಿಲೋಮೀಟರ್ ಉದ್ದದ ವರ್ತುಲ ರಸ್ತೆಯನ್ನೂ ದಾಟಿ ಮನೆಗಳಿವೆ. 2011ರ ಜನಗಣತಿಯ ಹೊತ್ತಿಗೇ ನಗರದ ಜನಸಂಖ್ಯೆ ಒಂಬತ್ತು ಲಕ್ಷದ ಹತ್ತಿರವಿತ್ತು.

ದೂರದ ಬಡಾವಣೆ ಎಂದರೆ ಅದಕ್ಕೊಂದು ಸ್ವಂತ ಮುಖ್ಯರಸ್ತೆ. ಜಯಲಕ್ಷ್ಮೀಪುರಂ ಕಡೆಯವರಿಗೆ ಕಾಳಿದಾಸ ರಸ್ತೆ, ಕುವೆಂಪುನಗರದವರಿಗೆ ಪಂಚಮಂತ್ರ ರಸ್ತೆ. ದಿನಸಿ, ಔಷಧಿ, ಚಪ್ಪಲಿ, ಮಕ್ಕಳ ಬಟ್ಟೆ ಎಲ್ಲ ಅಲ್ಲೇ ಸಿಗುತ್ತವೆ. ಐ.ಟಿ. ಕೆಲಸ ಹೆಬ್ಬಾಳದ ಕಡೆ, ಖಾಸಗಿ ಆಸ್ಪತ್ರೆ ಮತ್ತು ಶಾಲೆ ಎಲ್ಲೆಡೆ. ನಗರದ ನಡುವಿಗೆ ಬರಲೇಬೇಕು ಎನ್ನುವ ಕೆಲಸಗಳೇ ಕಡಿಮೆಯಾದವು. ಇನ್ನೇನಕ್ಕೋ ಬಂದು ಕೊಳ್ಳುತ್ತಿದ್ದ ಆ ಎರಡನೆಯ ಗುಂಪು ಹೀಗೆ ಸದ್ದಿಲ್ಲದೆ ಚದುರಿತು. ಮೊಬೈಲ್‌ನಲ್ಲಿ ಕೊಳ್ಳುವುದು ಶುರುವಾಗುವ ಎಷ್ಟೋ ಮೊದಲೇ ಇದು ನಡೆದಿತ್ತು ಎಂಬುದನ್ನು ಆನ್‌ಲೈನ್ ಮೇಲೆ ಎಲ್ಲ ದೂರು ಹೊರಿಸುವವರು ಮರೆಯುತ್ತಾರೆ.

ಬಸ್ಸಿನಲ್ಲಿ ಬರುವವರ ಮಟ್ಟಿಗೆ ಮಾತ್ರ ಪೇಟೆ ಇನ್ನೂ ಊರಿನ ನಡುವೇ ಇದೆ. ನಗರ ಬಸ್ಸುಗಳ ದಾರಿಗಳೆಲ್ಲ ಕೆ.ಆರ್. ವೃತ್ತದ ಪಕ್ಕದ ನಿಲ್ದಾಣಕ್ಕೆ ಬಂದು ಸೇರುತ್ತವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳಿಗೆ ಟಿ. ನರಸೀಪುರದಿಂದಲೋ ಹುಣಸೂರಿನಿಂದಲೋ ಪೇಟೆಗೆ ಬರುವ ಖರ್ಚು ಸೊನ್ನೆಯಾಯಿತು. ಪೇಟೆಯ ಭವಿಷ್ಯದ ಚರ್ಚೆಯಲ್ಲಿ ಕಾರಿನವರ ಕಷ್ಟವೇ ಹೆಚ್ಚು ಕೇಳಿಸುತ್ತದೆ. ಶಿವರಾಂಪೇಟೆ, ಸಂತೆಪೇಟೆಗಳಲ್ಲಿ ಕೈಚೀಲ ಹಿಡಿದು ನಡೆಯುವವರನ್ನು ನೋಡಿದವರಿಗೆ ಬೀದಿಯನ್ನು ನಿಜವಾಗಿ ನಡೆಸುತ್ತಿರುವವರು ಯಾರೆಂಬುದು ಗೊತ್ತಾಗುತ್ತದೆ.

ವಾಹನ ಎಲ್ಲಿ ನಿಲ್ಲಿಸುವುದು

ಒಂದು ಸಣ್ಣ ಕಾರು ಉದ್ದದಲ್ಲಿ ಸುಮಾರು ಹದಿಮೂರು ಅಡಿ. ಹಳೆಯ ಪೇಟೆಯ ಎಷ್ಟೋ ಮಳಿಗೆಗಳ ಮುಖ ಹತ್ತು ಹನ್ನೆರಡು ಅಡಿ. ಅಂದರೆ ಪ್ರತಿ ಅಂಗಡಿಯ ಮುಂದೆ ಒಂದು ಕಾರು ನಿಂತರೂ ಜಾಗ ಸಾಲದು, ಇನ್ನು ಗಿರಾಕಿಗಳು ಎಲ್ಲಿಂದ ಒಳಗೆ ಬರುವುದು? ಎಲ್ಲರಿಗೂ ಅಂಗಡಿಯೆದುರೇ ನಿಲುಗಡೆ ಎಂಬುದು ಲೆಕ್ಕಕ್ಕೇ ನಿಲ್ಲದ ಬೇಡಿಕೆ.

ಹೆಚ್ಚು ಮುಖ್ಯವಾದದ್ದು ಒಂದು ಜಾಗ ದಿನಕ್ಕೆ ಎಷ್ಟು ಬಾರಿ ಕೈಬದಲಾಗುತ್ತದೆ ಎಂಬುದು. ಬೆಳಿಗ್ಗೆ ಹತ್ತಕ್ಕೆ ಅಂಗಡಿಯವರದೇ ವಾಹನ ಬಂದು ನಿಂತು ರಾತ್ರಿಯವರೆಗೆ ಕದಲದಿದ್ದರೆ ಆ ಜಾಗ ಒಬ್ಬರಿಗೆ ಉಪಯೋಗವಾಯಿತು, ಅವರೂ ಗಿರಾಕಿಯಲ್ಲ. ಅದೇ ಜಾಗದಲ್ಲಿ ಒಬ್ಬೊಬ್ಬರು ಒಂದು ಗಂಟೆ ನಿಲ್ಲಿಸಿದರೆ ಎಂಟು ಹತ್ತು ಗಿರಾಕಿಗಳು ಬಂದುಹೋಗುತ್ತಾರೆ. ನಿಲುಗಡೆಗೆ ಶುಲ್ಕ ವಿಧಿಸುವ ಯೋಚನೆಯ ಹಿಂದಿರುವುದು ಈ ತರ್ಕ. ದೇವರಾಜ ಅರಸು ರಸ್ತೆಯಲ್ಲಿ ಶುಲ್ಕದ ಪ್ರಸ್ತಾಪ ಬಂದಾಗ ವರ್ತಕರು ವಿರೋಧಿಸಿದ್ದಾರೆ. ಮೊದಲೇ ಬರುವವರು ಕಡಿಮೆ, ಶುಲ್ಕ ಹಾಕಿದರೆ ಅವರೂ ಮಾಲ್‌ಗೆ ಹೋಗುತ್ತಾರೆ ಎಂಬುದು ಅವರ ಭಯ. ಭಯಕ್ಕೆ ಆಧಾರವಿಲ್ಲದಿಲ್ಲ. ಆದರೆ ಮಾಲ್‌ನಲ್ಲಿಯೂ ನಿಲುಗಡೆಗೆ ದುಡ್ಡು ಕೊಡುವುದುಂಟು. ಅಲ್ಲಿ ಜಾಗ ಖಂಡಿತ ಸಿಗುತ್ತದೆ ಎಂಬ ನಂಬಿಕೆ ಇರುವುದರಿಂದ ಜನ ಗೊಣಗುವುದಿಲ್ಲ.

ಮಾಲ್, ದೊಡ್ಡ ದಿನಸಿ ಮಳಿಗೆ, ಮೊಬೈಲ್

ಈ ಮೂರನ್ನೂ ಒಂದೇ ಶತ್ರುವಿನಂತೆ ಕಾಣುವುದು ರೂಢಿ. ಅವು ಹೊಡೆಯುವ ಜಾಗಗಳು ಬೇರೆ ಬೇರೆ.

ಮಾಲ್ ಕಸಿದುಕೊಂಡದ್ದು ಸಂಜೆಯನ್ನು. ಮಕ್ಕಳೊಂದಿಗೆ ಸುತ್ತಾಡಿ, ಸಿನಿಮಾ ನೋಡಿ, ಏನಾದರೂ ತಿಂದು, ಒಂದು ಅಂಗಿ ಕೊಂಡು ಮರಳುವ ಭಾನುವಾರ ಹಿಂದೆ ಅರಸು ರಸ್ತೆಯದಾಗಿತ್ತು. ಈಗ ತಂಪು ಗಾಳಿ, ಶುಚಿಯಾದ ಶೌಚಾಲಯ ಇರುವ ಕಡೆಗೆ ಅದು ಸರಿದಿದೆ. ಶೌಚಾಲಯದ ಮಾತು ಕ್ಷುಲ್ಲಕ ಎನಿಸಬಹುದು. ಮೂರು ಗಂಟೆ ಪೇಟೆ ಸುತ್ತಬೇಕಾದ ಹೆಂಗಸರನ್ನು ಕೇಳಿದರೆ ಕ್ಷುಲ್ಲಕ ಎನ್ನುವುದಿಲ್ಲ.

ಡಿ-ಮಾರ್ಟ್‌ನಂಥ ದೊಡ್ಡ ದಿನಸಿ ಮಳಿಗೆಗಳ ಹೊಡೆತ ಬಿದ್ದಿರುವುದು ತಿಂಗಳ ಸಾಮಾನಿನ ಪಟ್ಟಿಯ ಮೇಲೆ. ಅವು ತಯಾರಕರಿಂದ ನೇರವಾಗಿ, ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತವೆ. ಸಣ್ಣ ದಿನಸಿ ಅಂಗಡಿಗೆ ಅದೇ ಸೋಪು ವಿತರಕರು, ಸಗಟು ವ್ಯಾಪಾರಿಗಳ ಕೈದಾಟಿ ಬರುತ್ತದೆ, ಪ್ರತಿ ಕೈಯೂ ತನ್ನ ಪಾಲು ಇಟ್ಟುಕೊಳ್ಳುತ್ತದೆ. ಗರಿಷ್ಠ ಮಾರಾಟ ಬೆಲೆ ಪೊಟ್ಟಣದ ಮೇಲೆ ಮುದ್ರಿತವಾಗಿರುವುದರಿಂದ ಸಣ್ಣವರು ಅದನ್ನು ಮೀರುವಂತಿಲ್ಲ, ದೊಡ್ಡವರು ಅದಕ್ಕಿಂತ ಕೆಳಗೆ ಮಾರಬಲ್ಲರು. ಸಾಲ ಕೊಡುವುದು, ಬಿಡಿಯಾಗಿ ತೂಗಿ ಕೊಡುವುದು ಮಾತ್ರ ಸಣ್ಣವರ ಕೈಯಲ್ಲಿ ಉಳಿದ ಆಯುಧಗಳು.

ಆನ್‌ಲೈನ್ ಮಾರಾಟದ ಪೆಟ್ಟು ತಿಂದವು ಎಲ್ಲಿ ಕೊಂಡರೂ ಒಂದೇ ಆಗಿರುವ ಸರಕುಗಳು: ಮೊಬೈಲ್, ಮಿಕ್ಸರ್, ಪಠ್ಯಪುಸ್ತಕ, ಅಳತೆ ಗೊತ್ತಿರುವ ಬೂಟು. ಅಂಗಡಿಗೆ ಬಂದು, ಕೈಯಲ್ಲಿ ಹಿಡಿದು ನೋಡಿ, ವಿವರಣೆ ಕೇಳಿ, ಹೊರಗೆ ನಿಂತು ಫೋನಿನಲ್ಲಿ ಕಡಿಮೆ ಬೆಲೆಗೆ ತರಿಸಿಕೊಳ್ಳುವ ಗಿರಾಕಿಯಿಂದ ಅಂಗಡಿಯವರಿಗೆ ಎರಡು ಪಟ್ಟು ನಷ್ಟ: ಮಾರಾಟವೂ ಹೋಯಿತು, ಅರ್ಧ ಗಂಟೆಯೂ ಹೋಯಿತು. ಹತ್ತು ಹದಿನೈದು ನಿಮಿಷದಲ್ಲಿ ತಂದುಕೊಡುವ ಸೇವೆಗಳು ಮತ್ತೊಂದು ಬಗೆ. ಅವು ಬಡಾವಣೆಗಳ ನಡುವೆ ಗಿರಾಕಿಗಳಿಗೆ ಪ್ರವೇಶವಿಲ್ಲದ ಸಣ್ಣ ಗೋದಾಮುಗಳನ್ನು ಇಟ್ಟುಕೊಂಡು ನಡೆಯುತ್ತವೆ. ಪೇಟೆಗಿಂತ ಬೀದಿ ಮೂಲೆಯ ದಿನಸಿ ಅಂಗಡಿಗೇ ಅವುಗಳ ಬಿಸಿ ಹೆಚ್ಚು.

ಮದುವೆಯ ರೇಷ್ಮೆ, ಗ್ರಂಥಿಗೆ ಅಂಗಡಿಯ ಪೂಜಾ ಸಾಮಗ್ರಿ, ಬಿಡಿ ಹೂವು, ಹೊಲಿಗೆಗೆ ಹೊಂದುವ ಗುಂಡಿ, ಅಳತೆಗೆ ತಕ್ಕ ಪಾತ್ರೆ ಇವುಗಳಿಗೆ ಈ ಮೂವರಲ್ಲಿ ಯಾರೂ ಇನ್ನೂ ಸರಿಯಾಗಿ ಕೈ ಹಾಕಿಲ್ಲ. ಮುಟ್ಟಿ, ಹೊಂದಿಸಿ, ಚೌಕಾಸಿ ಮಾಡಿ ಕೊಳ್ಳುವ ಸರಕು ಪೇಟೆಯಲ್ಲೇ ಉಳಿದಿದೆ. ದಸರೆ, ವರಮಹಾಲಕ್ಷ್ಮಿ ಹಬ್ಬ, ಯುಗಾದಿ, ಆಷಾಢದ ರಿಯಾಯಿತಿಗಳ ವಾರಗಳಲ್ಲಿ ಬೀದಿ ಕಿಕ್ಕಿರಿಯುವುದು, ಉಳಿದ ವಾರಗಳಲ್ಲಿ ಬಿಕೋ ಎನ್ನುವುದು ಇದರಿಂದಲೇ. ವರ್ಷದ ಬಾಡಿಗೆಯನ್ನು ಕೆಲವೇ ವಾರಗಳಲ್ಲಿ ದುಡಿಯಬೇಕಾದ ಸ್ಥಿತಿ ಇದು.

ಡಿಜಿಟಲ್ ಪಾವತಿಯ ಒಂದು ಉಪಕಥೆಯೂ ಇದೆ. ಯು.ಪಿ.ಐ. ವಹಿವಾಟಿನ ಮೊತ್ತ ನೋಡಿ 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತು. ವರ್ಷಕ್ಕೆ 40 ಲಕ್ಷ ರೂಪಾಯಿಗೂ ಹೆಚ್ಚು ಸರಕು ಮಾರುವವರು ಜಿ.ಎಸ್.ಟಿ. ನೋಂದಣಿ ಮಾಡಿಸಬೇಕು ಎಂಬುದು ನಿಯಮ. ಆದರೆ ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರಿಗೂ ನೋಟಿಸ್ ಹೋಯಿತು. ಪ್ರತಿಭಟನೆಯ ಬಳಿಕ ಸರ್ಕಾರ ಹಿಂದಿನ ಬಾಕಿಯ ವಿಷಯದಲ್ಲಿ ಹಿಂದೆ ಸರಿಯಿತು. ಅಷ್ಟರಲ್ಲಿ ಎಷ್ಟೋ ಅಂಗಡಿಗಳ ಮುಂದೆ ನಗದು ಮಾತ್ರ ಎಂಬ ಫಲಕ ತೂಗಿತ್ತು.

ಬಾಡಿಗೆ, ಪಗಡಿ, ಸೋರುವ ಮಾಳಿಗೆ

ಮೈಸೂರಿನ ಪೇಟೆಯ ವಿಷಯದಲ್ಲಿ ನಿಧಾನವಾಗಿ ಬಿಡಿಸಬೇಕಾದ ಗಂಟು ಇದೇ.

ಹಳೆಯ ಪೇಟೆಯಲ್ಲಿ ಅಂಗಡಿ ನಡೆಸುವವರೂ ಕಟ್ಟಡದ ಮಾಲೀಕರೂ ಬಹಳ ಕಡೆ ಬೇರೆ ಬೇರೆ. ಬಾಡಿಗೆ ಎರಡು ಮೂರು ತಲೆಮಾರಿನ ಹಿಂದೆ ಗೊತ್ತಾದದ್ದು, ಅಲ್ಪಸ್ವಲ್ಪ ಏರಿರಬಹುದು. ಈ ಜಾಗವನ್ನು ಬಾಡಿಗೆದಾರರು ಇನ್ನೊಬ್ಬರಿಗೆ ಬಿಟ್ಟುಕೊಡುವಾಗ ಒಂದು ದೊಡ್ಡ ಮೊತ್ತವನ್ನು ಪಡೆಯುವ ರೂಢಿಯಿದೆ. ಅದಕ್ಕೆ ಪಗಡಿ ಎನ್ನುತ್ತಾರೆ. ಬಾಡಿಗೆ ಮಾರುಕಟ್ಟೆ ದರಕ್ಕಿಂತ ಎಷ್ಟು ಕೆಳಗಿದೆಯೋ ಪಗಡಿ ಅಷ್ಟು ಮೇಲೆ. ಪಗಡಿ ಕೊಟ್ಟು ಬಂದವರು ಆ ಮಳಿಗೆಯನ್ನು ತಮ್ಮ ಆಸ್ತಿ ಎಂದೇ ಭಾವಿಸುತ್ತಾರೆ. ಕಾಗದದಲ್ಲಿ ಅವರು ಬಾಡಿಗೆದಾರರೂ ಆಗಿಲ್ಲದಿರಬಹುದು.

ಖಾಸಗಿ ಕಟ್ಟಡಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯಿದೆ. ವಾಣಿಜ್ಯ ಜಾಗಗಳಲ್ಲಿ 14 ಚದರ ಮೀಟರ್‌ವರೆಗಿನ, ಅಂದರೆ ಸುಮಾರು 150 ಚದರ ಅಡಿಯ ಸಣ್ಣ ಮಳಿಗೆಗಳಿಗೆ ಮಾತ್ರ ಅದು ಅನ್ವಯಿಸಬಲ್ಲದು, ಬಾಡಿಗೆಯ ಮಿತಿಯ ಷರತ್ತುಗಳೊಂದಿಗೆ. ಅದಕ್ಕಿಂತ ದೊಡ್ಡ ಮಳಿಗೆಗಳ ವಿಷಯ ಮಾಲೀಕರ ಮತ್ತು ಬಾಡಿಗೆದಾರರ ನಡುವಿನ ಕರಾರು, 1882ರ ಸ್ವತ್ತು ವರ್ಗಾವಣೆ ಕಾಯ್ದೆ ಇವುಗಳ ಪಾಲಿಗೆ. ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಕಟ್ಟಡಗಳು ಬಾಡಿಗೆ ಕಾಯ್ದೆಯ ಹೊರಗೆ. ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡ ಪಾಲಿಕೆಯವು, ಹಾಗಾಗಿ ಅಲ್ಲಿನ ಬಾಡಿಗೆದಾರರಿಗೆ ಆ ರಕ್ಷಣೆಯೂ ಇಲ್ಲ.

ಇದರ ಪರಿಣಾಮ ಕಟ್ಟಡದ ಮೇಲೆ ಬೀಳುತ್ತದೆ. ಬರುವ ಬಾಡಿಗೆಯಿಂದ ಸುಣ್ಣ ಬಳಿಸುವ ಖರ್ಚೂ ಹುಟ್ಟದಿದ್ದರೆ ಮಾಲೀಕರು ದುರಸ್ತಿಗೆ ಕೈ ಹಾಕುವುದಿಲ್ಲ. ಕಟ್ಟಡ ತಮ್ಮದಲ್ಲವಲ್ಲ ಎಂದು ಬಾಡಿಗೆದಾರರು ಮಾಳಿಗೆಗೆ ಖರ್ಚು ಮಾಡುವುದಿಲ್ಲ. ತಮ್ಮ ಮಳಿಗೆಯೊಳಗೆ ಮಾತ್ರ ಗೋಡೆ ಕೊರೆದು, ಅಟ್ಟ ಕಟ್ಟಿ, ತಂತಿ ಎಳೆದುಕೊಳ್ಳುತ್ತಾರೆ. ಸುಣ್ಣದ ಗಾರೆ, ಇಟ್ಟಿಗೆ, ಮರದ ತೊಲೆಗಳ ಹಳೆಯ ಕಟ್ಟಡಕ್ಕೆ ಮುಖ್ಯ ಶತ್ರು ನೀರು. ಮಾಳಿಗೆಯ ಬಿರುಕಿನಿಂದ, ಮೇಲೆ ಬೇರೂರಿದ ಅರಳಿ ಗಿಡದಿಂದ ನೀರು ಇಳಿದು ಗಾರೆಯನ್ನು ವರ್ಷಗಟ್ಟಲೆ ಕರಗಿಸುತ್ತದೆ. ಒಂದು ಮಳೆಗಾಲದಲ್ಲಿ ಅದು ಕೈಬಿಡುತ್ತದೆ. ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರ ಆಗಸ್ಟ್‌ನಲ್ಲಿ ಬಿದ್ದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ ದೇವರಾಜ ಮಾರುಕಟ್ಟೆಯ ಭಾಗ ಬಿದ್ದದ್ದೂ ಆಗಸ್ಟ್‌ನಲ್ಲಿಯೇ, ನವೀಕರಣ ಕೆಲಸ ನಡೆಯುತ್ತಿದ್ದಾಗ. ಲ್ಯಾನ್ಸ್‌ಡೌನ್‌ನ ಸಾಲಿನಲ್ಲಿದ್ದ ಪುಸ್ತಕದ ಅಂಗಡಿಗಳು ಚದುರಿದವು. ಹಳೆಯ ಪುಸ್ತಕ ಹುಡುಕಿಕೊಂಡು ಅಲ್ಲಿಗೆ ಬರುತ್ತಿದ್ದ ವಿದ್ಯಾರ್ಥಿಗಳು ಬೇರೆಲ್ಲೂ ಒಟ್ಟಿಗೆ ಸೇರಲಿಲ್ಲ.

ಹಾಗಾಗಿ ಬಾಡಿಗೆ ಏರಿಸಿದರೆ ಎಲ್ಲ ಸರಿಹೋಗುತ್ತದೆಯೇ? ಎಂಟು ನೂರು ಮಳಿಗೆಗಳಲ್ಲಿ ಬಹುಪಾಲು ವೀಳ್ಯದೆಲೆ, ಹೂವು, ತರಕಾರಿ, ಕುಂಕುಮ, ಊದುಬತ್ತಿಯಂಥ ಸಣ್ಣ ಲಾಭದ ಸರಕಿನವು. ಬಾಡಿಗೆ ಮಾಲ್‌ನ ದರಕ್ಕೆ ಹತ್ತಿರವಾದರೆ ಮೊದಲು ಹೊರಡುವವರು ಇವರು. ಹೊರಗಿನಿಂದ ಜನರನ್ನು ಎಳೆದು ತರುತ್ತಿರುವವರೂ ಇವರೇ. ಮಾಲ್ ನಡೆಸುವವರು ಇದನ್ನು ಬಲ್ಲರು. ಜನರನ್ನು ಸೆಳೆಯುವ ಮಳಿಗೆಗೆ ಕಡಿಮೆ ಬಾಡಿಗೆ, ಆ ಜನರಿಂದ ಲಾಭ ಪಡೆಯುವ ಮಳಿಗೆಗೆ ಹೆಚ್ಚು ಬಾಡಿಗೆ ಎಂದು ಅವರು ಹಂಚುತ್ತಾರೆ. ಪಾಲಿಕೆಯ ಮಳಿಗೆಗಳ ಹರಾಜಿನಲ್ಲಿ ಇಂಥ ವಿವೇಚನೆಗೆ ಜಾಗ ಕಡಿಮೆ: ಹೆಚ್ಚು ಕೂಗಿದವರಿಗೆ ಮಳಿಗೆ.

ಮಂಡ್ಯದ ಕಥೆ ಬೇರೆ

ಎರಡು ಊರುಗಳ ನಡುವಿನ ಗಿರಾಕಿಗಳು ಯಾವ ಕಡೆಗೆ ಹೋಗುತ್ತಾರೆ ಎಂಬುದಕ್ಕೆ ವಿಲಿಯಂ ರೈಲಿ ಎಂಬ ಅಮೆರಿಕದ ವಿದ್ವಾಂಸ 1931ರಲ್ಲಿ ಒಂದು ಸೂತ್ರ ಕೊಟ್ಟರು. ಊರು ದೊಡ್ಡದಾದಷ್ಟೂ ಸೆಳೆತ ಹೆಚ್ಚು. ದೂರ ಹೆಚ್ಚಿದಂತೆ ಆ ಸೆಳೆತ ದೂರದ ವರ್ಗದ ಪ್ರಮಾಣದಲ್ಲಿ ಕುಗ್ಗುತ್ತದೆ, ಅಂದರೆ ದೂರ ಎರಡು ಪಟ್ಟಾದರೆ ಸೆಳೆತ ಕಾಲು ಭಾಗಕ್ಕಿಳಿಯುತ್ತದೆ. ಇಲ್ಲಿ ದೂರ ಎಂದರೆ ಕಿಲೋಮೀಟರ್‌ಗಿಂತ ಪ್ರಯಾಣದ ಸಮಯ ಎಂದು ಓದಿಕೊಂಡರೆ ಮಂಡ್ಯದ ಪರಿಸ್ಥಿತಿ ಅರ್ಥವಾಗುತ್ತದೆ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬದಿಗೆ ಬಿಟ್ಟು ಸಾಗುತ್ತದೆ. ಇದರಿಂದ ಎರಡು ಬೇರೆ ಬೇರೆ ನಷ್ಟಗಳಾದವು. ದಾರಿಹೋಕರನ್ನು ನಂಬಿದ್ದ ಮದ್ದೂರಿನ ವಡೆ, ಚನ್ನಪಟ್ಟಣದ ಗೊಂಬೆ, ಬಿಡದಿಯ ತಟ್ಟೆ ಇಡ್ಲಿಯವರಿಗೆ ಊರ ಮುಂದಿನ ವಾಹನಗಳೇ ಕಡಿಮೆಯಾದವು. ಇದು ಎಲ್ಲರ ಕಣ್ಣಿಗೂ ಬಿತ್ತು. ಎರಡನೆಯದು ಅಷ್ಟು ಕಾಣುವುದಿಲ್ಲ: ಮಂಡ್ಯದ ಗಿರಾಕಿಗಳಿಗೇ ಈಗ ಮೈಸೂರು, ಬೆಂಗಳೂರು ಎರಡೂ ಹತ್ತಿರ. ಮದುವೆಯ ಜವಳಿಗೆ, ಒಡವೆಗೆ ವಿ.ವಿ. ರಸ್ತೆಯನ್ನು ದಾಟಿಹೋಗುವುದು ಸುಲಭ.

ಆದರೂ ಮಂಡ್ಯದ ಪೇಟೆಗೆ ಮೈಸೂರಿಗಿಲ್ಲದ ಒಂದು ಬಲವಿದೆ. ಅದು ಸುತ್ತಲಿನ ಹಳ್ಳಿಗಳ ಪೇಟೆ. ಕಬ್ಬಿನ ಬಿಲ್ಲು ಕೈಸೇರಿದಾಗ ತುಂಬುತ್ತದೆ, ಬಾಕಿ ಉಳಿದಾಗ ಬಿಕೋ ಎನ್ನುತ್ತದೆ. 1933ರಲ್ಲಿ ಶುರುವಾದ ಮೈಷುಗರ್ ಕಾರ್ಖಾನೆ ನಿಂತ ವರ್ಷಗಳಲ್ಲಿ ಊರಿನ ಅಂಗಡಿಗಳೂ ಸೊರಗಿದ್ದು ಇದೇ ಕಾರಣಕ್ಕೆ. ಗೊಬ್ಬರ, ಪಂಪ್‌ಸೆಟ್ ಬಿಡಿಭಾಗ, ಬಿತ್ತನೆ ಬೀಜ ಕೊಳ್ಳಲು ಯಾರೂ ಬೆಂಗಳೂರಿಗೆ ಹೋಗುವುದಿಲ್ಲ.

ಬೇರೆ ಊರುಗಳು ಮಾಡಿದ್ದೇನು

ಬ್ರಿಟನ್ನಿನ ಊರೂರಿನ ಮುಖ್ಯಬೀದಿಯಲ್ಲಿದ್ದ ವುಲ್‌ವರ್ತ್ಸ್ ಮಳಿಗೆಗಳು, ಎಂಟು ನೂರಕ್ಕೂ ಹೆಚ್ಚು, 2009ರ ಜನವರಿಯ ಆರಂಭದ ಹೊತ್ತಿಗೆ ಮುಚ್ಚಿಹೋದವು. ಅಕ್ಕಪಕ್ಕದ ಸಣ್ಣ ಅಂಗಡಿಗಳೂ ನಲುಗಿದವು. ಅಲ್ಲಿನ ಬೀದಿಗಳು ಒಂದೇ ಬಗೆಯ ದೊಡ್ಡ ಸರಪಳಿ ಮಳಿಗೆಗಳ ಮೇಲೆ ಅತಿಯಾಗಿ ವಾಲಿದ್ದವು. ನಮ್ಮ ಪೇಟೆಗಳ ನೂರಾರು ಸಣ್ಣ ಮಾಲೀಕರು ಈ ವಿಷಯದಲ್ಲಿ ಒಂದು ರಕ್ಷಣೆ.

ಕೋಪನ್‌ಹೇಗನ್ನಿನ ಸ್ಟ್ರೋಗೆಟ್ ಬೀದಿಯನ್ನು 1962ರಲ್ಲಿ ನಡೆಯುವವರಿಗೆ ಮೀಸಲಿಟ್ಟಾಗ ಅಲ್ಲಿನ ವರ್ತಕರು ಕೂಗಾಡಿದ್ದರು. ಬೀದಿ ಈಗಲೂ ನಡೆಯುವವರದೇ, ವ್ಯಾಪಾರವೂ ಇದೆ. ದೆಹಲಿಯ ಚಾಂದನಿ ಚೌಕದ ಮುಖ್ಯಬೀದಿಯಲ್ಲಿ 2021ರಿಂದ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನಗಳಿಗೆ ನಿರ್ಬಂಧವಿದೆ, ಪಾಲನೆ ಮಾತ್ರ ಸದಾ ಜಗಳದ ವಿಷಯ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ಗೆ 2018ರಲ್ಲಿ ಕಲ್ಲುಹಾಸು ಹಾಕಿ, 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ಸಂಚಾರ ತಡೆದು ನೋಡಿದರು. ಮೈಸೂರಿಗೂ ಇದು ಅಪರಿಚಿತವಲ್ಲ: ಕೆಲವು ದಸರೆಗಳಲ್ಲಿ ಅರಸು ರಸ್ತೆ ಬೀದಿ ಉತ್ಸವಕ್ಕೆ ತೆರೆದುಕೊಂಡು ವಾಹನಗಳಿಲ್ಲದೆ ಜನರಿಂದ ತುಂಬಿತ್ತು.

ಇವುಗಳಿಗಿಂತ ನನಗೆ ಮುಖ್ಯವೆನಿಸುವುದು ಟೊರಾಂಟೊದ್ದು. ಅಲ್ಲಿನ ಬ್ಲೋರ್ ವೆಸ್ಟ್ ವಿಲೇಜ್ ಬೀದಿಯ ವರ್ತಕರು ಹೊಸ ಮಾಲ್‌ಗಳ ಪೈಪೋಟಿಗೆ ಕಂಗೆಟ್ಟು 1970ರಲ್ಲಿ ಒಂದು ವ್ಯವಸ್ಥೆ ಮಾಡಿಕೊಂಡರು. ಬೀದಿಯ ಪ್ರತಿ ಅಂಗಡಿಯೂ ತೆರಿಗೆಯೊಂದಿಗೆ ಸಣ್ಣ ವಂತಿಗೆ ಕೊಡಬೇಕು. ಪಾಲಿಕೆ ಅದನ್ನು ವಸೂಲಿ ಮಾಡಿ ವರ್ತಕರ ಸಮಿತಿಗೇ ಕೊಡುತ್ತದೆ. ಆ ಹಣದಲ್ಲಿ ಶುಚಿತ್ವ, ದೀಪ, ಬೆಂಚು, ಹಬ್ಬದ ಅಲಂಕಾರ. ವಂತಿಗೆ ಐಚ್ಛಿಕವಾಗಿದ್ದಾಗ ಹತ್ತು ಜನ ಕೊಟ್ಟು ನೂರು ಜನ ಅನುಭವಿಸುತ್ತಿದ್ದರು. ಕಡ್ಡಾಯವಾದ ಮೇಲೆ ಆ ತಕರಾರು ನಿಂತಿತು. ಈ ಮಾದರಿ ಮುಂದೆ ಬಹಳ ದೇಶಗಳಿಗೆ ಹರಡಿತು. ಮಾಲ್‌ಗೆ ಒಬ್ಬ ವ್ಯವಸ್ಥಾಪಕರಿದ್ದಾರೆ, ಬೀದಿಗೆ ಯಾರೂ ಇಲ್ಲ ಎಂಬ ಮೂಲ ಕೊರತೆಗೆ ಇದುವರೆಗೆ ಸಿಕ್ಕ ಉತ್ತರಗಳಲ್ಲಿ ಇದು ನೇರವಾದದ್ದು. ಮೈಸೂರಿನ ವರ್ತಕರ ಸಂಘಗಳು ಗಟ್ಟಿಯಾಗಿಯೇ ಇವೆ, ಆದರೆ ಅವುಗಳ ಶಕ್ತಿ ಹೆಚ್ಚಾಗಿ ಯಾವುದಾದರೂ ಆದೇಶವನ್ನು ತಡೆಯಲು ಖರ್ಚಾಗುತ್ತದೆ.

ಮುಂದೆ ಯಾವುದನ್ನು ಗಮನಿಸಬೇಕು

ಬೀದಿಬದಿ ವ್ಯಾಪಾರಿಗಳನ್ನು ಪೇಟೆಯ ಚಿತ್ರದಿಂದ ಹೊರಗಿಡುವಂತಿಲ್ಲ. 2014ರ ಕೇಂದ್ರ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು. ಎಲ್ಲಿ ಮಾರಬಹುದು, ಎಲ್ಲಿ ಕ‍ೂಡದು ಎಂಬ ವಲಯಗಳನ್ನು ಗುರುತಿಸುವಲ್ಲಿ ಆ ಸಮಿತಿಯ ಮಾತು ನಡೆಯಬೇಕು. ಪಾದಚಾರಿ ಮಾರ್ಗ ತೆರವಿನ ಸುದ್ದಿ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆ: ಸಮಿತಿ ಕೂತಿತ್ತೇ, ವಲಯ ಗುರುತಾಗಿತ್ತೇ?

ಮೇಲಿನ ಮಹಡಿಗಳ ಮೇಲೂ ಕಣ್ಣಿಡಬೇಕು. ನೆಲಮಹಡಿಯ ಅಂಗಡಿ ನಡೆದು ಮೇಲಿನದು ಖಾಲಿ ಬಿದ್ದಿದ್ದರೆ ಕಟ್ಟಡದ ಅರ್ಧ ಆದಾಯ ಸತ್ತಂತೆ. ಅಲ್ಲಿ ಮತ್ತೆ ಮನೆ, ಕಚೇರಿ, ವಿದ್ಯಾರ್ಥಿನಿಲಯ, ಪ್ರವಾಸಿಗರ ಕೊಠಡಿ ಬಂದರೆ ಅಂಗಡಿಗಳಿಗೆ ಬೀದಿಯಲ್ಲೇ ವಾಸಿಸುವ ಗಿರಾಕಿಗಳು ಸಿಗುತ್ತಾರೆ.

ದೇವರಾಜ ಮಾರುಕಟ್ಟೆಯ ವಿಷಯದಲ್ಲಿ ಯೋಜನೆಯ ಚಿತ್ರದಲ್ಲಿ ಗೋಪುರ ಹೇಗಿದೆ ಎಂದು ನೋಡುವುದಕ್ಕಿಂತ ಮೂರು ಸಾಲುಗಳನ್ನು ಹುಡುಕುವುದು ಲೇಸು. ಕಾಮಗಾರಿ ನಡೆಯುವಾಗ ವ್ಯಾಪಾರಿಗಳು ಎಲ್ಲಿ ಕೂರುತ್ತಾರೆ, ಎಷ್ಟು ಕಾಲ? ಮರಳಿದ ಮೇಲೆ ಬಾಡಿಗೆ ಎಷ್ಟು, ಅದನ್ನು ಯಾವ ಸೂತ್ರದ ಮೇಲೆ ನಿರ್ಧರಿಸುತ್ತಾರೆ? ನೆಲಮಟ್ಟದ ಜಾಗ ಯಾರಿಗೆ? ಹೂವಿನವರನ್ನು ಎರಡನೇ ಮಹಡಿಗೆ ಕಳುಹಿಸಿದರೆ ಹೂವು ಕೊಳ್ಳಲು ಮೆಟ್ಟಿಲು ಹತ್ತುವವರು ಬಹಳ ಕಡಿಮೆ. ತಾತ್ಕಾಲಿಕ ಜಾಗ ಪೇಟೆಯಿಂದ ದೂರವಾದರೆ ಒಂದೆರಡು ಹಬ್ಬಗಳಲ್ಲೇ ಗಿರಾಕಿಗಳು ಬೇರೆ ದಾರಿ ರೂಢಿ ಮಾಡಿಕೊಳ್ಳುತ್ತಾರೆ. ಆಗ ಹೊಸ ಮಾರುಕಟ್ಟೆಯ ಬಾಗಿಲು ತೆರೆದ ದಿನ ಸಯ್ಯಾಜಿರಾವ್ ರಸ್ತೆ, ಅರಸು ರಸ್ತೆಯ ಅಂಗಡಿಗಳೂ ಗಿರಾಕಿಗಳನ್ನು ಮೊದಲಿನಿಂದ ಹುಡುಕಬೇಕಾಗುತ್ತದೆ.